ಹಸಿರು ಗೊಬ್ಬರದ ಹಿಂದೆ ರಸಮೇವಿನ ಜೋಳ: ಪೊಟ್ಯಾಷ್ ಯಾವಾಗ ಹಾಕಬೇಕು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಸವಿಸ್ತಾರವಾಗಿ ಹೇಳಿದ್ದಾರೆ. ಅದನ್ನೇ ನಾವು ಮತ್ತೆ ಹೇಳಿ ತಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ನಮಗೆ ವಹಿಸಿರುವ ವಿಷಯ ಮೇವು. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ವಿಜ್ಞಾನಿಗಳ ಹಾಗೆ ಮಾತಾಡಲು ಬರುವುದಿಲ್ಲ. ನಮ್ಮ ಹೊಲದಲ್ಲಿ ನಾವು ಎಡವಿದ್ದು ಎಲ್ಲಿ, ಆಮೇಲೆ ಕೇಳಿ ತಿಳಿದುಕೊಂಡದ್ದು ಏನು, ಇಷ್ಟನ್ನು ತಮ್ಮ ಮುಂದೆ ಇಡುತ್ತೇವೆ.

2023ರ ಬರ ತಮಗೆಲ್ಲಾ ನೆನಪಿದೆ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರವೇ ಬರಪೀಡಿತ ಅಂತ ಘೋಷಣೆ ಮಾಡಿತ್ತು. ನಮ್ಮ ಹೊಳಲ್ಕೆರೆ ಸೀಮೆಯಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆದು ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ತೆನೆ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು. ಆಗ ನಾವು ಹತ್ತಾರು ಮನೆಯವರು ಆ ಜೋಳವನ್ನು ಹಸಿರಿದ್ದಾಗಲೇ ಕಡಿದು, ಕತ್ತರಿಸಿ, ಗುಂಡಿಗೆ ತುಂಬಿ, ತುಳಿದು, ತಾಡಪತ್ರಿ ಮುಚ್ಚಿ ರಸಮೇವು ಮಾಡಿದೆವು. ಸೈಲೇಜ್ ಅಂತಾರಲ್ಲ, ಅದೇ. ಬೇಸಿಗೆಯಲ್ಲಿ ಆ ಗುಂಡಿ ತೆಗೆದಾಗ ಬಂದ ಹುಳಿ ವಾಸನೆಗೆ ನಮ್ಮ ಹಸುಗಳು ಹಗ್ಗ ಹರಿದುಕೊಂಡು ಬಂದವು. ಸಂಘಕ್ಕೆ ಹಾಕುವ ಹಾಲು ಪೂರಾ ಬತ್ತದೇ ಉಳಿದದ್ದು ಆ ಗುಂಡಿಯಿಂದ.

ಮೊದಲು ಕಷ್ಟಕ್ಕೆ ಮಾಡಿದ್ದು ಆಮೇಲೆ ರೂಢಿಯಾಯಿತು. ಈಗ ಕಾಳಿಗೆ ಬೇರೆ, ಗುಂಡಿಗೆ ಬೇರೆ ಅಂತ ಜೋಳ ಹಾಕುತ್ತೇವೆ. ಗುಂಡಿಗೆ ಆಫ್ರಿಕನ್ ಟಾಲ್ ಹಾಕುವವರೂ ಇದ್ದಾರೆ, ಕಾಳಿನ ಹೈಬ್ರಿಡ್ಡನ್ನೇ ಹಾಕುವವರೂ ಇದ್ದಾರೆ. ಬೀಜ ಯಾವುದಾದರೂ ಇರಲಿ, ಗೊಬ್ಬರ ಮಾತ್ರ ನಾವೆಲ್ಲರೂ ಕಾಳಿನ ಜೋಳಕ್ಕೆ ಹಾಕಿದ ಹಾಗೇ ಹಾಕಿದೆವು. ತಪ್ಪು ಆಗಿದ್ದು ಅಲ್ಲೇ.

ನಮ್ಮ ಬೋರಿನ ಹತ್ತಿರ ಎರಡೆಕರೆ ತುಂಡು ಇದೆ. ಮೇಲಿನ ಎಕರೆ ಮರಳು ಬೆರೆತ ಕೆಂಪು ಮಣ್ಣು, ಹಳ್ಳದ ಕಡೆಯ ಎಕರೆ ಎರೆ. 2024ರಲ್ಲಿ ಭರಣಿ ಮಳೆ ಬಿದ್ದ ಕೂಡಲೇ ಮೇಲಿನ ಎಕರೆಗೆ ಅಲಸಂದೆ, ಕೆಳಗಿನ ಎಕರೆಗೆ ಸೆಣಬು ಚೆಲ್ಲಿದೆವು. ಮುಂಗಾರು ಜೋಳಕ್ಕೆ ಮುಂಚೆ ನೆಲ ಬರಿದೇ ಬಿಡಬಾರದು, ಹೊದಿಕೆ ಬೆಳೆ ಇದ್ದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ಗೊಬ್ಬರವೂ ಆಗುತ್ತದೆ ಅಂತ ಕೇಳಿದ್ದೆವು. ಬೆಳೆ ಚೆನ್ನಾಗಿ ಬರಲಿ ಅಂತ ಒಂದು ಚೀಲ ಪೊಟ್ಯಾಷನ್ನು ಎರಡೂ ಎಕರೆಗೆ ಸಮನಾಗಿ ಆಗಲೇ ಎರಚಿಬಿಟ್ಟೆವು. ‘ಪೊಟ್ಯಾಷ್ ಯಾವಾಗ ಹಾಕಿದರೇನು, ಮಣ್ಣಲ್ಲೇ ತಾನೆ ಇರುತ್ತೆ’ ಅಂತ ನಮ್ಮ ಎಣಿಕೆ. ಮುಂದೆ ಜೋಳಕ್ಕೆ ಡಿಎಪಿ ಮತ್ತು ಎರಡು ಸಲ ಯೂರಿಯಾ ಸಾಕು ಅಂತ ಮನಸ್ಸಿನಲ್ಲೇ ಲೆಕ್ಕ ಮುಗಿಸಿದೆವು.

ಅಲಸಂದೆ ಹುಲುಸಾಗಿ ಬಂತು. ಆ ವೇಳೆಗೆ ಮನೆಯಲ್ಲಿ ಹುಲ್ಲು ತಳ ಕಂಡಿತ್ತು. ಉಳುಮೆ ಮಾಡಿ ಮಣ್ಣಿಗೆ ಸೇರಿಸಬೇಕಾದ ಅಲಸಂದೆಯನ್ನು ದಿನಾ ಎರಡು ಹೊರೆಯಂತೆ ಕುಯ್ದು ದನಕ್ಕೆ ಹಾಕಿದೆವು. ಸೆಣಬನ್ನು ಮಾತ್ರ ಹೂ ಬರುವ ಹೊತ್ತಿಗೆ ರೋಟವೇಟರ್ ಹೊಡೆಸಿ ಅಲ್ಲೇ ಮಗುಚಿದೆವು. ಆರಿದ್ರಾ ಮಳೆಗೆ ಎರಡೂ ಕಡೆ ಜೋಳ ಬಿತ್ತಿದೆವು. ಮಳೆ ಆ ವರ್ಷ ಚೆನ್ನಾಗಿ ಆಯಿತು.

ನಲವತ್ತು ದಿನದ ಹೊತ್ತಿಗೆ ಮೇಲಿನ ಎಕರೆಯಲ್ಲಿ ಬುಡದ ಎಲೆಗಳ ಅಂಚು ಹಳದಿಯಾಗಿ, ಆಮೇಲೆ ಬೆಂಕಿ ತಗುಲಿದ ಹಾಗೆ ಕಂದಾಯಿತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ನೋಡಿ, ‘ಅಣ್ಣಾ, ಯೂರಿಯಾ ಸಾಲದಾಗೈತೆ, ಇನ್ನೊಂದು ಚೀಲ ಕೊಡು’ ಅಂದರು. ಕೊಟ್ಟೆವು. ಜೋಳ ಕಪ್ಪಗೆ ಹಸಿರಾಗಿ ಎದ್ದಿತು. ನೋಡಿದವರು ಭೇಷ್ ಅಂದರು. ಸೂಲಂಗಿ ಒಡೆದು ತೆನೆ ಇಳಿಯುವಾಗ ಒಂದು ರಾತ್ರಿ ಗಾಳಿ ಮಳೆ ಬಂತು. ಬೆಳಗ್ಗೆ ಹೋಗಿ ನೋಡಿದರೆ ಮೇಲಿನ ಎಕರೆ ಅರ್ಧಕ್ಕರ್ಧ ಮಲಗಿತ್ತು. ದಂಟು ಹಿಸುಕಿದರೆ ಒಳಗೆ ಬೆಂಡು. ಹಳ್ಳದ ಕಡೆಯ ಜೋಳ ಅದೇ ಗಾಳಿಗೆ ನಿಂತೇ ಇತ್ತು.

ಮಲಗಿದ ಜೋಳವನ್ನು ಕುಯ್ಯುವುದು ಎಷ್ಟು ಕಷ್ಟ ಅಂತ ಕುಯ್ದವರಿಗೇ ಗೊತ್ತು. ಆಳುಗಳ ಕೂಲಿ ಹೆಚ್ಚಾಯಿತು. ಮಣ್ಣು ಮೆತ್ತಿದ ದಂಟು ಗುಂಡಿಗೆ ಹೋಗಿ ಆ ಮೂಲೆಯ ಮೇವು ಕೊಳೆತು ನಾರಿತು. ನಮ್ಮ ಮನೆಯವರು ಅದನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದಾಗ ಏನೂ ಮಾತಾಡಲಿಲ್ಲ. ಮಾತಾಡಿದ್ದರೇ ಚೆನ್ನಾಗಿತ್ತು.

ಆಮೇಲೆ ನಾವು ಬಾಡಿದ ಎಲೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ತಿಳಿದವರನ್ನು ಕೇಳಿದಾಗ ಮೊದಲು ಎಲೆ ಓದುವುದನ್ನು ಕಲಿಸಿದರು. ಇದನ್ನು ತಾವೂ ನೆನಪಿಡಬೇಕು. ಬುಡದ ಎಲೆ ತುದಿಯಿಂದ ನಡುದಿಂಡಿನ ಗುಂಟ ಒಳಗೆ ಹಳದಿಯಾಗುತ್ತಾ ಬಂದರೆ ಅದು ಸಾರಜನಕದ ಕೊರತೆ, ಯೂರಿಯಾ ಕೇಳುತ್ತಿದೆ. ನಡುದಿಂಡು ಹಸಿರಾಗಿದ್ದು ಬರೀ ಅಂಚು ಸುಟ್ಟಂತಾದರೆ ಅದು ಪೊಟ್ಯಾಷ್. ಎರಡೂ ಬುಡದ ಎಲೆಯಲ್ಲೇ ಮೊದಲು ಕಾಣುವುದರಿಂದ ನಮ್ಮಂಥವರು ಮೋಸ ಹೋಗುತ್ತೇವೆ. ಪೊಟ್ಯಾಷ್ ಕಮ್ಮಿ ಇರುವ ಬೆಳೆಗೆ ಯೂರಿಯಾ ಹೆಚ್ಚು ಕೊಟ್ಟರೆ ದಂಟು ಉದ್ದ ಬೆಳೆಯುತ್ತದೆ, ಗಟ್ಟಿಯಾಗುವುದಿಲ್ಲ. ನಾವು ಹೂಡಿದ ದುಡ್ಡಿನಲ್ಲೇ ಬೆಳೆಯನ್ನು ಮಲಗಿಸಿಕೊಂಡೆವು.

ಈಗ ಲೆಕ್ಕಕ್ಕೆ ಬರೋಣ. ಹಾಲಿನ ಪಾಸ್‌ಬುಕ್ ನೋಡುವವರಿಗೆ ಈ ಲೆಕ್ಕ ಕಷ್ಟವಲ್ಲ.

ಎಕರೆಗೆ 25 ಕ್ವಿಂಟಾಲ್ ಕಾಳು ಬಂದು, ಕಾಳನ್ನು ಮಾತ್ರ ಮಾರಿ, ದಂಟು ಸೋಗೆ ಎಲ್ಲಾ ಹೊಲಕ್ಕೇ ಬಿಟ್ಟರೆ ಹೊಲದಿಂದ ಹೊರಗೆ ಹೋಗುವ ಪೊಟ್ಯಾಷ್ ಅಂಶ ಸುಮಾರು 10ರಿಂದ 12 ಕೆ.ಜಿ. ಯಾಕೆಂದರೆ ಜೋಳದ ಗಿಡದ ಪೊಟ್ಯಾಷಿನಲ್ಲಿ ಹೆಚ್ಚು ಪಾಲು ಇರುವುದು ದಂಟು ಮತ್ತು ಎಲೆಯಲ್ಲಿ, ಕಾಳಿನಲ್ಲಿ ಅಲ್ಲ. ರಸಮೇವಿಗೆ ನಾವು ಬುಡಸಮೇತ ಕುಯ್ಯುತ್ತೇವೆ. ಹಸಿ ಮೇವಿನ ಟನ್ನಿಗೆ ಸುಮಾರು 4 ಕೆ.ಜಿ. ಅಂತ ಹಿಡಿಯಿರಿ. ಎಕರೆಗೆ 15 ಟನ್ ಕುಯ್ದರೆ 60 ಕೆ.ಜಿ. ಪೊಟ್ಯಾಷ್ ಚೀಲದಲ್ಲಿ ನೂರಕ್ಕೆ 60 ಪಾಲು ಅಂಶ ಇರುತ್ತದೆ. ಅಂದರೆ 50 ಕೆ.ಜಿ.ಯ ಚೀಲ ಎರಡು, ಪೂರ್ತಿ ಎರಡು ಚೀಲ, ಒಂದು ಕುಯಿಲಿಗೆ ಒಂದು ಎಕರೆಯಿಂದ ಗಾಡಿ ಹತ್ತಿ ಹೋಗುತ್ತದೆ.

ನಾವು ಕೊಡುವುದು ಎಷ್ಟು? ವಿಶ್ವವಿದ್ಯಾಲಯದ ಬೇಸಾಯ ಪುಸ್ತಕದಲ್ಲಿ ನೀರಾವರಿ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 150 ಸಾರಜನಕ, 75 ರಂಜಕ, 40 ಪೊಟ್ಯಾಷ್ ಅಂತ ಇದೆ. ಎಕರೆಗೆ 16 ಕೆ.ಜಿ. ಆಯಿತು, ಅರ್ಧ ಚೀಲಕ್ಕಿಂತ ಸ್ವಲ್ಪ ಹೆಚ್ಚು. ಅದು ಕಾಳಿನ ಬೆಳೆಗೆ ಹೇಳಿದ್ದು. ಅದರಲ್ಲಿ ತಪ್ಪಿಲ್ಲ, ಅದನ್ನು ಬುಡಸಮೇತ ಕುಯ್ಯುವ ಬೆಳೆಗೆ ಹಚ್ಚಿದ ನಮ್ಮದು ತಪ್ಪು. ಅದನ್ನಾದರೂ ಕೊಡುತ್ತೇವಾ ಅಂದರೆ ಅದೂ ಇಲ್ಲ. ನಮ್ಮಲ್ಲಿ ಬಹಳ ಜನ ಬಿತ್ತುವಾಗ ಡಿಎಪಿ, ಆಮೇಲೆ ಯೂರಿಯಾ. ಡಿಎಪಿಯಲ್ಲಿ ಪೊಟ್ಯಾಷ್ ಒಂದು ಕಾಳೂ ಇಲ್ಲ. ಇಪ್ಪತ್ತು-ಇಪ್ಪತ್ತು-ಸೊನ್ನೆಯಲ್ಲಿ ಆ ಸೊನ್ನೆ ಇರುವುದು ಪೊಟ್ಯಾಷಿನ ಜಾಗದಲ್ಲಿ. ಹತ್ತು-ಇಪ್ಪತ್ತಾರು-ಇಪ್ಪತ್ತಾರು ಹಾಕಿದರೆ ಚೀಲಕ್ಕೆ 13 ಕೆ.ಜಿ. ಸಿಗುತ್ತದೆ. ಚೀಲದ ಮೇಲಿನ ಮೂರನೇ ಅಂಕಿ ಓದುವ ಅಭ್ಯಾಸ ನಮಗೆ ಇರಲಿಲ್ಲ.

ಇನ್ನು ಸೆಣಬು, ಅಲಸಂದೆಯ ವಿಚಾರ. ಇವು ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟಿಗೆ ತರುತ್ತವೆ ಅಂತ ಶಾಲೆಯಲ್ಲೇ ಓದಿದ್ದೇವೆ. ಅದರಿಂದ ಹಸಿರು ಗೊಬ್ಬರ ಹಾಕಿದರೆ ಎಲ್ಲಾ ಗೊಬ್ಬರವೂ ಬಂದ ಹಾಗೆ ಅಂತ ತಿಳಿದಿದ್ದೆವು. ಪೊಟ್ಯಾಷ್ ಗಾಳಿಯಲ್ಲಿ ಇಲ್ಲ. ಸೆಣಬು ಅದನ್ನು ಹುಟ್ಟಿಸುವುದಿಲ್ಲ, ಮಣ್ಣಿನಲ್ಲಿ ಇರುವುದನ್ನೇ ಹೀರಿ ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಸಿಕ್ಕರೆ ತನಗೆ ಬೇಕಾದ್ದಕ್ಕಿಂತ ಹೆಚ್ಚೇ ಹೀರುತ್ತದೆ, ಮದುವೆ ಮನೆಯಲ್ಲಿ ನಾವು ಉಂಡ ಹಾಗೆ. ಆದರೆ ಒಂದು ಉಪಕಾರ ಮಾಡುತ್ತದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಮರಳು ಮಣ್ಣಿನಿಂದ ಕೆಳಕ್ಕೆ ಇಳಿದುಹೋಗುವುದನ್ನು ತಡೆದು ಹಿಡಿದುಕೊಳ್ಳುತ್ತದೆ. ಎಕರೆಗೆ ಆರೇಳು ಟನ್ ಹಸಿರು ಬಂದರೆ ಅದರಲ್ಲಿ ಮೋಟು ಲೆಕ್ಕಕ್ಕೆ 20 ಕೆ.ಜಿ. ಆಜುಬಾಜು ಪೊಟ್ಯಾಷ್ ಇರುತ್ತದೆ.

ಆ 20 ಕೆ.ಜಿ. ಜೋಳಕ್ಕೆ ಯಾವಾಗ ಸಿಗುತ್ತದೆ ಅನ್ನುವುದೇ ನಮ್ಮ ಪ್ರಶ್ನೆ. ಸೊಪ್ಪಿನ ಸಾರಜನಕ ಕೊಳೆತ ಮೇಲೆ ಸಿಗುವುದು. ಅದಕ್ಕೇ ಮಗುಚಿದ ಮೇಲೆ ಎಂಟು ಹತ್ತು ದಿನ ಬಿಟ್ಟು ಬಿತ್ತಿ ಅನ್ನುತ್ತಾರೆ. ಪೊಟ್ಯಾಷ್ ಹಾಗಲ್ಲ. ಅದು ಗಿಡದ ರಸದಲ್ಲಿ ಕರಗಿಕೊಂಡೇ ಇರುತ್ತದೆ, ನಾರಿನಲ್ಲಿ ಕಟ್ಟಿಕೊಂಡಿರುವುದಿಲ್ಲ. ಸೊಪ್ಪು ಸತ್ತು ಬಾಡಿ, ಮೇಲೆ ಒಂದೆರಡು ಹದ ಮಳೆ ಬಿದ್ದರೆ ಸಾಕು, ಬಿಸಿನೀರಿಗೆ ಟೀ ಸೊಪ್ಪು ಹಾಕಿದ ಹಾಗೆ ಇಳಿದುಬರುತ್ತದೆ. ಕೊಳೆಯುವ ತನಕ ಕಾಯುವುದಿಲ್ಲ. ಸೊಪ್ಪು ಹೊಲದಲ್ಲೇ ಉಳಿದರೆ ಅದು ಬಿತ್ತುವ ಹೊತ್ತಿಗೆ ಜೋಳಕ್ಕೆ ತಯಾರಾಗಿರುವ ಪೊಟ್ಯಾಷ್. ಸೊಪ್ಪು ಕುಯ್ದು ಕೊಟ್ಟಿಗೆಗೆ ಹೋದರೆ ಆ ಪೊಟ್ಯಾಷೂ ಅದರ ಜೊತೆ ಕೊಟ್ಟಿಗೆಗೆ ಹೋಯಿತು.

ನಮ್ಮ ಮೇಲಿನ ಎಕರೆಯಲ್ಲಿ ಆದದ್ದು ಇಷ್ಟೇ. ಅರ್ಧ ಚೀಲ, ಅಂದರೆ 15 ಕೆ.ಜಿ. ಅಂಶ ಹಾಕಿದ್ದೆವು. ಅಲಸಂದೆ ಅದನ್ನೂ ಹೀರಿ, ಮಣ್ಣಿನದ್ದನ್ನೂ ಒಂದಿಷ್ಟು ಹೀರಿ, ಹೊರೆ ಕಟ್ಟಿಸಿಕೊಂಡು ಮನೆಗೆ ಬಂತು. ಜೋಳಕ್ಕೆ ಅಂತ ಹಾಕಿದ ಪೊಟ್ಯಾಷನ್ನು ಜೋಳ ಮುಟ್ಟಲೇ ಇಲ್ಲ. ಹಳ್ಳದ ಕಡೆ ಸೆಣಬು ಹೀರಿದ್ದು ಅಲ್ಲೇ ಬಿತ್ತು, ಜೊತೆಗೆ ಎರೆ ಮಣ್ಣು ಹಿಡಿತದ ಮಣ್ಣು. ಎರಡು ಕಾರಣ ಸೇರಿಕೊಂಡಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ನಮಗಾಗದು.

ಅದಕ್ಕೇ 2025ರಲ್ಲಿ ಮೇಲಿನ ಎಕರೆಗೂ ಸೆಣಬನ್ನೇ ಹಾಕಿ, ಪೂರ್ತಿ ಮಗುಚಿ, ಜೋಳದಲ್ಲಿ ಮೂರು ಪಟ್ಟೆ ಮಾಡಿದೆವು. ಒಂದಕ್ಕೆ ಪೊಟ್ಯಾಷ್ ಇಲ್ಲ. ಒಂದಕ್ಕೆ ಪೂರ್ತಿ ಬಿತ್ತುವಾಗಲೇ. ಇನ್ನೊಂದಕ್ಕೆ ಅರ್ಧ ಬಿತ್ತುವಾಗ, ಅರ್ಧ ಎಡೆಕುಂಟೆ ಹೊಡೆದು ಮಣ್ಣು ಏರಿಸುವಾಗ. ತಕ್ಕಡಿ ಹಾಕಿ ತೂಗಲಿಲ್ಲ, ಕಣ್ಣಳತೆ ಮಾತ್ರ. ಪೊಟ್ಯಾಷ್ ಇಲ್ಲದ ಪಟ್ಟೆಯಲ್ಲಿ ಅಂಚು ಸುಟ್ಟದ್ದು ದಾರಿಯಿಂದಲೇ ಕಾಣುತ್ತಿತ್ತು, ಆದರೆ ಹಿಂದಿನ ವರ್ಷದಷ್ಟು ಇರಲಿಲ್ಲ. ಸೆಣಬು ಅಷ್ಟು ಕೈ ಹಿಡಿದಿತ್ತು. ಉಳಿದ ಎರಡು ಪಟ್ಟೆಗೆ ನಮಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎರಡೂ ಗಾಳಿಗೆ ನಿಂತವು. ಜೋರು ಮಳೆಯ ವರ್ಷ ಆಗಿದ್ದರೆ ಬೇರೆ ಮಾತಾಗುತ್ತಿತ್ತೇನೋ.

ಈಗ ನಾವು ನಡೆಸುತ್ತಿರುವ ಪದ್ಧತಿ ಹೇಳುತ್ತೇವೆ. ಸೆಣಬು ಬಿತ್ತುವಾಗ ಪೊಟ್ಯಾಷ್ ಹಾಕುವುದನ್ನು ಕೆಂಪು ಮಣ್ಣಿನಲ್ಲಿ ಬಿಟ್ಟಿದ್ದೇವೆ. ಮಣ್ಣಲ್ಲಿ ಇರುವುದನ್ನು ಅದು ಹುಡುಕಿಕೊಳ್ಳಲಿ. ಮಗುಚುವ ದಿನವೂ ಹಾಕುವುದಿಲ್ಲ, ಯಾಕೆಂದರೆ ಮಗುಚಿದ ಮೇಲೆ ಬಿತ್ತುವ ತನಕ ನೆಲದಲ್ಲಿ ಹೀರುವ ಬೇರೇ ಇಲ್ಲ. ಆ ಹತ್ತು ದಿನದಲ್ಲಿ ದೊಡ್ಡ ಮಳೆ ಬಿದ್ದರೆ ಹಾಕಿದ್ದು ಕೆಳಗೆ ಇಳಿಯುತ್ತದೆ. ಬಿತ್ತುವಾಗ ಅರ್ಧ, ಇಪ್ಪತ್ತೈದು ಮೂವತ್ತು ದಿನಕ್ಕೆ ಅರ್ಧ. ಬೀಜಕ್ಕೆ ತಗುಲಿಸಬಾರದು, ಅದು ಉಪ್ಪು, ಮೊಳಕೆ ಸುಡುತ್ತದೆ. ಎರಡು ಮೂರು ಬೆರಳು ದೂರ ಸಾಲಿನ ಪಕ್ಕಕ್ಕೆ ಬೀಳಬೇಕು. ಎರೆಯಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಪೂರ್ತಿ ಬಿತ್ತುವಾಗಲೇ ಕೊಡಬಹುದು. ಹೊದಿಕೆ ಬೆಳೆಯನ್ನು ದನಕ್ಕೆ ಕುಯ್ದ ವರ್ಷ ಮಾತ್ರ ಅದು ಒಯ್ದ ಪಾಲನ್ನು ಜೋಳದ ಲೆಕ್ಕಕ್ಕೆ ಸೇರಿಸಿ ಹಾಕಲೇಬೇಕು, ಮಣ್ಣು ಯಾವುದೇ ಇರಲಿ.

‘ತೆನೆ ಬಂದಾಗ ಪೊಟ್ಯಾಷ್ ಕೊಡಿ, ಕಾಳು ಗಟ್ಟಿಯಾಗುತ್ತೆ’ ಅನ್ನುವ ಮಾತು ನಮ್ಮ ಕಡೆ ಬಹಳ ಓಡಾಡುತ್ತಿದೆ. ನಾವೂ ನಂಬಿ ಒಂದು ಸಲ ಸೂಲಂಗಿ ಬಂದ ಮೇಲೆ ಎರಚಿದ್ದೆವು. ಜೋಳ ತನ್ನ ಪೊಟ್ಯಾಷಿನ ಬಹುಪಾಲನ್ನು ಸೂಲಂಗಿ, ರೇಷ್ಮೆ ಎಳೆ ಬರುವ ಹೊತ್ತಿಗೆ ಹೀರಿ ಮುಗಿಸಿರುತ್ತದೆ. ತಿಂಗಳಿಂದ ಎರಡು ತಿಂಗಳ ಒಳಗೇ ಅದರ ಹಸಿವು. ಆಮೇಲೆ ಕೊಟ್ಟದ್ದು ಮುಂದಿನ ಬೆಳೆಗೆ ಇಟ್ಟ ಠೇವಣಿ, ಕೆಂಪು ಮಣ್ಣಿನಲ್ಲಾದರೆ ಬಡ್ಡಿ ಇಲ್ಲದ ಠೇವಣಿ.

ಎರಡು ಚೀಲ ಹೋಗುತ್ತದೆ ಅಂದಿರಿ, ಎರಡು ಚೀಲ ತಂದು ಹಾಕಬೇಕಾ ಅಂತ ಕೇಳುತ್ತೀರಿ. ದುಡ್ಡು ಎಲ್ಲಿಂದ ತರೋಣ? 2022ರಲ್ಲಿ ಪೊಟ್ಯಾಷ್ ಚೀಲ 1700 ರೂಪಾಯಿ ಮುಟ್ಟಿದ್ದನ್ನು ನಾವು ಮರೆತಿಲ್ಲ. ನಮ್ಮ ದೇಶ ಈ ಗೊಬ್ಬರವನ್ನು ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡಾನ್, ಇಸ್ರೇಲ್ ಕಡೆಯಿಂದ ತರಿಸುತ್ತದೆ. ಅಲ್ಲೆಲ್ಲೋ ಯುದ್ಧವಾದರೆ ಚಿಕ್ಕಜಾಜೂರಿನಲ್ಲಿ ಚೀಲದ ರೇಟು ಏರುತ್ತದೆ.

ಆದರೆ ಆ ಎರಡು ಚೀಲ ಎಲ್ಲಿಗೆ ಹೋಯಿತು ಅಂತ ಹುಡುಕಿದರೆ ನಮ್ಮ ಕೊಟ್ಟಿಗೆಯಲ್ಲೇ ಇದೆ. ಹಸು ತಿಂದ ಪೊಟ್ಯಾಷಿನಲ್ಲಿ ಹಾಲಿಗೆ ಹೋಗುವುದು ಹತ್ತರಲ್ಲಿ ಒಂದು ಪಾಲು, ಲೀಟರಿಗೆ ಒಂದೂವರೆ ಗ್ರಾಂ. ಅಂದರೆ ನಮ್ಮ ಸಂಘದ ಕ್ಯಾನಿನಲ್ಲಿ ಊರು ಬಿಟ್ಟು ಹೋಗುವುದು ಅಷ್ಟೇ. ಸುಮಾರು ಮುಕ್ಕಾಲು ಪಾಲು ಗಂಜಲದಲ್ಲಿ ಬರುತ್ತದೆ. ಸಗಣಿಯಲ್ಲಲ್ಲ, ಗಂಜಲದಲ್ಲಿ. ನಾವು ಸಗಣಿಯನ್ನು ಬಾಚಿ ಬಾಚಿ ತಿಪ್ಪೆಗೆ ಹಾಕಿ, ಗಂಜಲವನ್ನು ನೀರು ಹೊಡೆದು ಚರಂಡಿಗೆ ಬಿಡುತ್ತೇವೆ. ಸಿಮೆಂಟ್ ನೆಲ ಹಾಕಿಸಿದ ಮೇಲೆ ಇದು ಇನ್ನೂ ಹೆಚ್ಚಾಯಿತು. ಮಣ್ಣಿನ ನೆಲ ಇದ್ದಾಗ ನಮ್ಮಪ್ಪ ವರ್ಷಕ್ಕೊಮ್ಮೆ ಕೊಟ್ಟಿಗೆಯ ಮಣ್ಣು ಅಗೆದು ಹೊಲಕ್ಕೆ ಹೊಡೆಯುತ್ತಿದ್ದರು. ನಮ್ಮವ್ವ ಒಲೆ ಬೂದಿಯನ್ನು ಒಂದು ಮಂಕರಿಯೂ ಬೀದಿಗೆ ಚೆಲ್ಲಲು ಬಿಡುತ್ತಿರಲಿಲ್ಲ. ಅವರು ಪೊಟ್ಯಾಷ್ ಅನ್ನುವ ಮಾತೇ ಕೇಳಿದವರಲ್ಲ.

ಈಗ ನಾವು ಕೊಟ್ಟಿಗೆ ಹಿಂದೆ ಒಂದು ತೊಟ್ಟಿ ಕಟ್ಟಿಸಿ ಗಂಜಲ, ತೊಳೆದ ನೀರು ಎರಡೂ ಅದಕ್ಕೇ ಬೀಳುವ ಹಾಗೆ ಮಾಡಿದ್ದೇವೆ. ತಿಪ್ಪೆಗೆ ದಿನಾ ಅದನ್ನೇ ಚಿಮುಕಿಸಿ, ಮಳೆಗಾಲದಲ್ಲಿ ಸೋಗೆ ಹೊದಿಸುತ್ತೇವೆ. ಹೀಗೆ ಜೋಪಾನ ಮಾಡಿದ ಗೊಬ್ಬರದಲ್ಲಿ ಟನ್ನಿಗೆ 5 ಕೆ.ಜಿ. ಆಜುಬಾಜು ಪೊಟ್ಯಾಷ್ ಇರುತ್ತದೆ. ಎಕರೆಗೆ ಆರು ಟನ್ ಹೊಡೆದರೆ ಒಂದು ಚೀಲ ಉಳಿಯಿತು. ಮಳೆಯಲ್ಲಿ ತೊಳೆದು ಕಪ್ಪು ನೀರು ಹರಿದುಹೋದ ತಿಪ್ಪೆಯಲ್ಲಿ ಅಷ್ಟು ಇರುವುದಿಲ್ಲ. ಆ ಕಪ್ಪು ನೀರೇ ಪೊಟ್ಯಾಷ್.

ಇಲ್ಲಿ ಒಂದು ಎಚ್ಚರಿಕೆ. ತೊಟ್ಟಿ ಮಾಡಿದ ಹೊಸದರಲ್ಲಿ ಹತ್ತಿರ ಅಂತ ನಾವು ಎಲ್ಲಾ ಗಂಜಲವನ್ನೂ ಮನೆ ಹಿಂದಿನ ನೇಪಿಯರ್ ಹುಲ್ಲಿಗೇ ಬಿಟ್ಟೆವು. ಹುಲ್ಲು ಕಪ್ಪಗೆ ಬೆಳೆಯಿತು. ಬತ್ತಿದ ಗಬ್ಬದ ಹಸುವಿಗೆ ಅದನ್ನೇ ಹಾಕಿದೆವು. ಕರು ಹಾಕಿದ ಮರುದಿನ ಹಸು ಕತ್ತು ತಿರುಗಿಸಿ ಮಲಗಿಬಿಟ್ಟಿತು. ಹಾಲುಜ್ವರ. ಡಾಕ್ಟರು ಬಂದು ಕ್ಯಾಲ್ಸಿಯಂ ಬಾಟಲಿ ಏರಿಸಿ ಎಬ್ಬಿಸಿದರು. ಮೇವಿನಲ್ಲಿ ಪೊಟ್ಯಾಷ್ ವಿಪರೀತವಾದರೆ ಕರು ಹಾಕುವ ಹಸುವಿಗೆ ಮೂಳೆಯಿಂದ ಸುಣ್ಣದ ಅಂಶ ಬಿಡಿಸಿಕೊಳ್ಳಲು ಕಷ್ಟವಾಗುತ್ತದೆ ಅಂತ ತಿಳಿಸಿದರು. ಅದೊಂದೇ ಕಾರಣ ಅಂತ ಅವರು ಹೇಳಲಿಲ್ಲ. ಆದರೂ ಆವತ್ತಿಂದ ಗಂಜಲ ದೂರದ ಜೋಳದ ಹೊಲಕ್ಕೆ ಡ್ರಮ್ಮಿನಲ್ಲಿ ಹೋಗುತ್ತದೆ. ಕರು ಹಾಕುವ ಮೂರು ವಾರ ಮುಂಚೆಯಿಂದ ಹಸುವಿಗೆ ಆ ಹುಲ್ಲು ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಕೆಲವರಿಗೆ ಬೇಸರವಾದರೂ ಸರಿ. ಹೊಲದಲ್ಲಿ ನಿಂತ ಜೋಳವನ್ನೇ ಎಕರೆಗೆ ಇಷ್ಟು ಅಂತ ರಸಮೇವು ಮಾಡುವವರಿಗೆ ಮಾರುವುದು ಶುರುವಾಗಿದೆ. ಯಂತ್ರ ಬರುತ್ತದೆ, ಒಂದೇ ದಿನದಲ್ಲಿ ಹೊಲ ಖಾಲಿ, ಕೈಗೆ ದುಡ್ಡು. ಮಾರಬೇಡಿ ಅಂತ ನಾವು ಹೇಳುವುದಿಲ್ಲ, ಸಾಲ ಇರುವವರ ಕಷ್ಟ ಅವರಿಗೇ ಗೊತ್ತು. ಆದರೆ ಆ ಲಾರಿಯಲ್ಲಿ ಹೋದ ಎರಡು ಚೀಲ ಪೊಟ್ಯಾಷ್ ಯಾವ ಊರಿನ ಕೊಟ್ಟಿಗೆಗೋ ಹೋಯಿತು, ಅದರ ಗಂಜಲ ನಮಗೆ ಬರುವುದಿಲ್ಲ. ರೇಟು ಮಾತಾಡುವಾಗ ಎರಡು ಚೀಲದ ದುಡ್ಡನ್ನು ಮೇಲೆ ಇಟ್ಟು ಮಾತಾಡಿ, ಆ ದುಡ್ಡಿನಲ್ಲಿ ಚೀಲವನ್ನೇ ತನ್ನಿ.

ಇಷ್ಟೆಲ್ಲಾ ಹೇಳಿದ್ದು ನಮ್ಮ ಮಣ್ಣಿನ ಲೆಕ್ಕ. ತಮ್ಮ ಮಣ್ಣು ಬೇರೆ ಇರಬಹುದು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪೊಟ್ಯಾಷ್ ಹೆಕ್ಟೇರಿಗೆ 141 ಕೆ.ಜಿ.ಗಿಂತ ಕೆಳಗಿದ್ದರೆ ಕಡಿಮೆ, 336ರ ತನಕ ಮಧ್ಯಮ, ಅದರ ಮೇಲೆ ಹೆಚ್ಚು. ಹೆಚ್ಚು ಅಂತ ಇರುವವರು ಈ ವರ್ಷ ಚೀಲ ತರದೇ ಇದ್ದರೂ ನಡೆದೀತು. ಆದರೆ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಬಂದಾಗ ಮಾಡಿಸಿದ ಚೀಟಿಯನ್ನು ತೋರಿಸಿ ‘ನಮ್ಮದು ಮಧ್ಯಮ’ ಅನ್ನಬೇಡಿ. ನಮ್ಮದೂ ಮಧ್ಯಮ ಅಂತಲೇ ಇತ್ತು. ಆ ಚೀಟಿ ಮಾಡಿಸಿದಾಗ ನಾವು ಬುಡಸಮೇತ ಕುಯ್ಯುತ್ತಿರಲಿಲ್ಲ.

ಮಾದರಿ ತೆಗೆಯಲು ಸರಿಯಾದ ಕಾಲ ಜೋಳ ಕುಯ್ದ ಮೇಲೆ, ಸೆಣಬು ಬಿತ್ತುವ ಮುಂಚೆ, ಯಾವ ಗೊಬ್ಬರವೂ ಬೀಳದಿದ್ದಾಗ. ಎಕರೆಯಲ್ಲಿ ಹತ್ತು ಹದಿನೈದು ಕಡೆ ಒಂದು ಗೇಣು ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಣಿ ತೆಗೆದು, ಅಂಚಿನ ಮಣ್ಣು ಕೆರೆದು, ಬೆರೆಸಿ, ನೆರಳಲ್ಲಿ ಆರಿಸಿ ಅರ್ಧ ಕೆ.ಜಿ. ಇಟ್ಟುಕೊಳ್ಳಿ. ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ, ಮರದ ಬುಡ ಬೇಡ. ಕೆಂಪು, ಎರೆ ಬೇರೆ ಬೇರೆ ಚೀಲಕ್ಕೆ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತರಬೇಡಿ, ಪರೀಕ್ಷೆಯೇ ಕೆಡುತ್ತದೆ. ಹೆಸರು, ಸರ್ವೆ ನಂಬರು ಬರೆದು ಹಾಲು ಹಾಕಲು ಬರುವಾಗ ಕಾರ್ಯದರ್ಶಿಗಳ ಹತ್ತಿರ ಕೊಟ್ಟರೆ ಒಟ್ಟಿಗೆ ಕಳಿಸುವ ವ್ಯವಸ್ಥೆ ಮಾಡೋಣ ಅಂತ ಆಡಳಿತ ಮಂಡಳಿಯಲ್ಲಿ ಮಾತಾಗಿದೆ. ಒಬ್ಬೊಬ್ಬರೇ ಹೋಗಿ ಬರುವ ಬಸ್ ಚಾರ್ಜು ಉಳಿಯುತ್ತದೆ.

ಆ ಮೂರು ಪಟ್ಟೆಯ ಜೋಳದ ಎಲೆಗಳನ್ನು ಒಣಗಿಸಿ ತಂದಿದ್ದೇವೆ, ಪಡಸಾಲೆಯ ಮೇಜಿನ ಮೇಲಿವೆ. ಊಟಕ್ಕೆ ಹೋಗುವಾಗ ಕೈಯಲ್ಲಿ ಹಿಡಿದು ನೋಡಿ. ಏನಾದರೂ ಕೇಳುವುದಿದ್ದರೆ ನಾವು ಅಲ್ಲೇ ಇರುತ್ತೇವೆ.